ಯಾವ ಕಾರಿಗೆ ಮೊದಲ ನಿಂಬೆಹಣ್ಣು?

ಅಣ್ಣ ಚನ್ನವೀರಯ್ಯನವರದು ಐವತ್ತೆಂಟರ ಮಾಡೆಲ್ಲಿನ ಕಪ್ಪು ಕಾರು. ತಮ್ಮ ರುದ್ರಮುನಿಯವರದು ಎಂಬತ್ತಾರರ ಮಾಡೆಲ್ಲಿನ ಕೆಂಪು ಕಾರು. ಅಣ್ಣನದು ನಿಂತರೆ ಹೊರಡುತ್ತಿರಲಿಲ್ಲ, ತಮ್ಮನದು ಹೊರಟರೆ ನಿಲ್ಲುತ್ತಿರಲಿಲ್ಲ. ಎರಡಕ್ಕೂ ಒಬ್ಬನೇ ಡ್ರೈವರ್, ಗುರುಪಾದ.

ಆಯುಧಪೂಜೆಯ ದಿನ ಇಬ್ಬರೂ ಅವನನ್ನು ಹಿಡಿದುಕೊಂಡರು. "ಮೇಲಾದ ಕಾರೇ ಮೊದಲು ನಿಂಬೆಹಣ್ಣಿನ ಮೇಲೆ ಹೋಗಬೇಕು. ಯಾವುದು ಮೇಲು, ಹೇಳು."

ಯಾರ ಕಾರಿನ ಹೆಸರು ಹೇಳಿದರೂ ಇನ್ನೊಬ್ಬರ ಮನೆಯ ಕೆಲಸ ಹೋದಂತೆಯೇ. ಗುರುಪಾದ ಒಂದು ಉಪಾಯ ಮಾಡಿದ. ಕೆಂಪು ಕಾರನ್ನು ಮುಂದೆ ನಿಲ್ಲಿಸಿ, ಅದರಿಂದ ಹಿಂದಿನ ಕಪ್ಪು ಕಾರಿಗೆ ಹಗ್ಗ ಬಿಗಿದು, ಎರಡರ ಚಕ್ರದಡಿಯೂ ನಿಂಬೆಹಣ್ಣಿಟ್ಟ. ಇಬ್ಬರನ್ನೂ ಅವರವರ ಕಾರಿನಲ್ಲಿ ಸ್ಟೀರಿಂಗ್ ಹಿಡಿಸಿ ಕೂರಿಸಿದ.

"ಚಿಕ್ಕ ಯಜಮಾನ್ರು ಎಳೀಲಿ, ದೊಡ್ಡ ಯಜಮಾನ್ರು ಬ್ರೇಕ್ ಹಾಕ್ಲಿ!"

ನಿಂಬೆಹಣ್ಣುಗಳೆಲ್ಲ ಒಟ್ಟಿಗೇ ಅಪ್ಪಚ್ಚಿಯಾದವು. ಕಾರುಗಳು ಗೇಟಿನ ಹತ್ತಿರ ಗಂಭೀರವಾಗಿ ನಿಂತವು.

"ನಾನಿಲ್ದಿದ್ರೆ ನೀನು ಅಲ್ಲಾಡ್ತಾನೇ ಇರ್ಲಿಲ್ಲ, ಅಣ್ಣಾ," ಅಂದರು ತಮ್ಮ.

"ನಾನಿಲ್ದಿದ್ರೆ ನೀನು ಗೇಟಿಗೆ ಗುದ್ದಿರ್ತಿದ್ದೆ ಕಣೋ," ಅಂದರು ಅಣ್ಣ.

ಇಬ್ಬರೂ ಗೆದ್ದ ಮುಖ ಹೊತ್ತು ಇಳಿದರು. ಆಮೇಲೆ ಒಬ್ಬೊಬ್ಬರಾಗಿ ಬಂದು ಗುರುಪಾದನ ಕಿವಿಯಲ್ಲಿ ಕೇಳಿದರು: "ನಿಜ ಹೇಳೋ, ಯಾವುದು ಮೇಲು?"

ಇಬ್ಬರಿಗೂ ಅವನು ಒಂದೇ ಉತ್ತರ ಕೊಟ್ಟ. "ಹಗ್ಗ, ಯಜಮಾನ್ರೇ. ಅದನ್ನ ಮಾತ್ರ ಬಿಚ್ಚೋದು ಬೇಡ."