ಬಿಳಿಕೋಟೆಯ ರಹದಾರಿ

"ಕೇಳ್ರಪ್ಪೋ ಕೇಳಿ! ಬಿಳಿಕೋಟೆಯ ದೊರೆ ಕೀರ್ತಿಮಲ್ಲರ ಅಪ್ಪಣೆ! ಇವತ್ತಿನಿಂದ ಪರದೇಶದ ಗಾಡಿಗಳಿಗೆ ಹೊಸ ರಹದಾರಿ ಇಲ್ಲ, ಸುಂಕದ ಮುದ್ರೆ ಇಲ್ಲ! ಕೋಟೆಯ ಸುತ್ತ ಹರದಾರಿ ದೂರದೊಳಗೆ ಪರದೇಶದವರು ಹೊಗೆ ಎಬ್ಬಿಸಬಾರದು! ದೊರೆಯ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿಯ ಕೈ, ಸುಂಕದ ಕಟ್ಟೆಯ ಅಧಿಕಾರ! ತಪ್ಪಿದವನಿಗೆ ತಲೆದಂಡ! ಅಲ್ಲಿಯವರೆಗೆ ಹಳೆಯ ಮುದ್ರೆ ಇಲ್ಲದ ಯಾರಿಗೂ ಕೋಟೆ ಬಾಗಿಲು ತೆರೆಯದು!"

ಡಂಗುರದವನು ಹೀಗೆ ಸಾರಿದ. ಇದಕ್ಕೆಲ್ಲ ಕಾರಣ ರಾಣಿಯ ಸಾವು. ಆಕೆ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದಳು. ಪರದೇಶದ ಗಾಡಿಗಳ ಪಂಜಿನ ಹೊಗೆ ಕುಡಿದೇ ಎದೆ ಕೆಟ್ಟಿತು ಎಂದು ಯಾರೋ ದೊರೆಯ ಕಿವಿಯಲ್ಲಿ ಊದಿದರು. ಕೋಟೆಯೊಳಗಿನ ಸಾವಿರ ಒಲೆಗಳಿಗೆ ಹೊಗೆಯೇ ಇರಲಿಲ್ಲವೋ ಏನೋ! ಹೋಗಲಿ, ಹೆಂಡತಿಯನ್ನು ಕಳಕೊಂಡವನ ಹತ್ತಿರ ವಾದ ಮಾಡುವವರು ಯಾರು?

ಆ ದಿನವೇ ಉಪ್ಪಿನ ಗಾಡಿ ಹೊಡೆಯುವ ಮಾಳಿಂಗ ಗಡಿಯಾಚೆಯಿಂದ ಬಂದು ಬಾಗಿಲ ಮುಂದೆ ಗಾಡಿ ನಿಲ್ಲಿಸಿದ. ಒಳಗೆ ಅವನ ಹೆಂಡತಿ ಹೊಳೆವ್ವ ನೋವು ತಿನ್ನುತ್ತ ಮಲಗಿದ್ದಳು.

"ಮುದ್ರೆ ಎಲ್ಲಯ್ಯಾ?" ಕಾವಲಿನವನು ಕೇಳಿದ.

ಮಾಳಿಂಗ ಎತ್ತಿನ ಕೋಡಿಗೆ ಕೈ ಹಾಕಿದವನು ಹಾಗೇ ನಿಂತುಬಿಟ್ಟ. ಅವನ ನಾಡಿನಲ್ಲಿ ಗಾಡಿಯ ಗುರುತು ಅಂದರೆ ಎತ್ತು. ಇದು ಯಾರ ಗಾಡಿ ಎಂದು ಅಲ್ಲಿನ ಜನ ಎತ್ತಿನ ಮುಖ ನೋಡಿ ಹೇಳುತ್ತಾರೆ. ಅದಕ್ಕೇ ಅವನು ಹಿಂದೆ ಪಡೆದ ಮುದ್ರೆಯನ್ನು ಕೋಡಿಗೆ ಕಟ್ಟಿದ್ದ. ದಾರಿಯಲ್ಲಿ ಆ ಎತ್ತು ಕುಂಟಿತು. ಹೆಂಡತಿಯ ನರಳಾಟ ಕೇಳಲಾರದೆ ಅದನ್ನು ಯಾರದೋ ಕೊಟ್ಟಿಗೆಯಲ್ಲಿ ಬಿಟ್ಟು, ಬೇರೆ ಎತ್ತು ಹೂಡಿಕೊಂಡು ಓಡಿಬಂದಿದ್ದ. ಮುದ್ರೆಯೂ ಆ ಕೊಟ್ಟಿಗೆಯಲ್ಲೇ ಉಳಿಯಿತು. ಇದನ್ನೆಲ್ಲ ಹೇಳಿದರೆ ಕಾವಲಿನವನು ರೇಗಿದ.

"ಮುದ್ರೆ ಅಂಟಿಸೋದು ನೊಗಕ್ಕೆ! ಎತ್ತಿಗೆ ಯಾರು ಸುಂಕ ಕೇಳಿದರು?"

"ಅಣ್ಣಾ, ದಮ್ಮಯ್ಯ ಅಂತೀನಿ. ಇವಳು ಇದೇ ಕೋಟೆಯ ಮಗಳು. ಚೊಚ್ಚಲ ಹೆರಿಗೆ, ತವರಿಗೆ ಕರ್ಕೊಂಡು ಬಂದೀನಿ."

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಸರಿ ಆಚೆ."

ಬಾಗಿಲಲ್ಲಿ ಮಜ್ಜಿಗೆ ಮಾರುತ್ತಿದ್ದ ಗಂಗಜ್ಜಿ ಗಾಡಿ ಹತ್ತಿ ಹೊಳೆವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕುಳಿರ್ಗಾಳಿ ಬೀಸುತ್ತಿತ್ತು, ಹುಡುಗಿಯ ಅಂಗಾಲು ತಣ್ಣಗಾಗುತ್ತಿತ್ತು. ಕಾವು ಬೇಕೆಂದು ಮಾಳಿಂಗ ನಾಲ್ಕು ಕಡ್ಡಿ ಹಚ್ಚಿದರೆ ಕಾವಲಿನವನು ಕಾಲಿನಿಂದ ಒದ್ದು ಆರಿಸಿದ.

"ನಿನ್ನ ಕಾಲು ಸೇದಿಹೋಗಲಿ!" ಅಂದಳು ಅಜ್ಜಿ.

"ರೀ," ಹೊಳೆವ್ವ ಗಂಡನ ಕೈ ಹಿಡಿದಳು. "ನನ್ನ ಅವ್ವನ ಹತ್ತಿರ ಮುಟ್ಟಿಸಿಬಿಡ್ರಿ."

ಬಾಗಿಲ ಪಕ್ಕದ ಸುಂಕದ ಕಟ್ಟೆಯ ಮೇಲೆಯೇ ದೊರೆ ಕೂತಿದ್ದ. ಆ ನರಳಾಟ ಅವನಿಗೂ ಕೇಳುತ್ತಿತ್ತು. ಆದರೆ ತನ್ನ ನೋವಿನಲ್ಲಿ ಮುಳುಗಿದವನಿಗೆ ಊರ ನೋವು ಕಿವಿಗೆ ಹೋಗುತ್ತದೆಯೇ?

ಒಗಟು ಬಿಡಿಸಲು ಮೊದಲು ಒಬ್ಬ ರಾಜಕುಮಾರ ಮೀಸೆ ತಿರುವುತ್ತ ಮುಂದೆ ಬಂದ. ದೊರೆ ಕೇಳಿದ: "ಇತ್ತಲಿಂದ ಬಂದವನಿಗೆ ಅದೇ ಕೊನೆ, ಅತ್ತಲಿಂದ ಬಂದವನಿಗೆ ಅದೇ ಮೊದಲು. ಹಕ್ಕಿಗೆ ಕಾಣದು, ಎತ್ತಿಗೆ ಕಾಣದು. ಮನುಷ್ಯ ಮಾತ್ರ ಅದರ ಮುಂದೆ ಕೈಮುಗಿದು ನಿಲ್ಲುತ್ತಾನೆ. ಏನದು?"

"ದೇವಸ್ಥಾನ!"

"ದೇವಸ್ಥಾನ ಹಕ್ಕಿಗೆ ಕಾಣದೇನು? ಗೋಪುರದಲ್ಲಿ ಗೂಡು ಕಟ್ಟುತ್ತದಲ್ಲ!" ಅವನನ್ನು ಎಳೆದೊಯ್ದರು. ಆಮೇಲೆ ಬಂದ ಕುದುರೆ ಸಾಹುಕಾರನ ಮಗ "ಕೋಟೆಗೋಡೆ" ಅಂದ. ಗೋಡೆ ಕಾಣದೆ ಯಾವ ಎತ್ತು ಹಣೆ ಬಡಿದುಕೊಂಡಿದೆ? ಅವನ ತಲೆಯೂ ಹೋಯಿತು. ಉಳಿದ ವರಮಹಾಶಯರು ಸದ್ದಿಲ್ಲದೆ ಕುದುರೆ ಹತ್ತಿದರು.

ಆಗ ಮಾಳಿಂಗ ಹೋಗಿ ನಿಂತ. ರಾಜಕುಮಾರಿ ಅವನಿಗೇಕೆ? ಬಾಗಿಲು ತೆರೆದರೆ ಸಾಕಿತ್ತು.

"ಗಡಿ, ಮಹಾಪ್ರಭು. ಅದನ್ನು ದಾಟಿದ್ದು ನನ್ನ ಎತ್ತಿಗೆ ಗೊತ್ತೇ ಇಲ್ಲ. ನಾನು ಬಂದಾಗಿನಿಂದ ಕೈಮುಗೀತಾ ಇದ್ದೀನಿ."

ದೊರೆ ತಲೆ ಎತ್ತಿ ನೋಡಿದ. "ಬೆಂಕಿಯಿಲ್ಲದೆ ಏಳುವ ಹೊಗೆ. ಕಣ್ಣಲ್ಲಿ ನೀರು ತರಿಸುತ್ತದೆ. ಬಾಗಿಲು ಮುಚ್ಚಿದಷ್ಟೂ ಹೆಚ್ಚುತ್ತದೆ. ಯಾವುದು?"

"ದುಃಖ. ಹೇಳಿಕೊಳ್ಳದೆ ಒಳಗೇ ಇಟ್ಟುಕೊಂಡವರ ಎದೆಯಲ್ಲಿ ಅದು ತುಂಬಿಕೊಳ್ತದೆ. ತಮ್ಮ ಎದೆಯಲ್ಲಿರೋದೂ ಅದೇ."

ದೊರೆಯ ದನಿ ಒಡೆಯಿತು. "ಬರುವಾಗ ಕೇಳದು, ಹೋಗುವಾಗ ಹೇಳದು. ಅದಕ್ಕೆ ರಹದಾರಿ ಬೇಡ, ಸುಂಕ ಬೇಡ. ನನ್ನ ಸೈನ್ಯವೆಲ್ಲ ಬಾಗಿಲಲ್ಲಿ ನಿಂತರೂ ತಡೆಯಲಾರದು. ಅದು ಯಾವುದು?"

ಗಾಳಿ ಎಂಬ ಮಾತು ಮಾಳಿಂಗನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಗಾಡಿಯಿಂದ ಕೂಸಿನ ಅಳು ಕೇಳಿತು. ಅವನ ಮುಖ ಅರಳಿತು, ಪಾಪ. ಗಂಗಜ್ಜಿ ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು ಇಳಿದು ಬಂದಳು.

"ಮಗಳು ಬಂದಳಪ್ಪಾ," ಅಂದಳು. "ತಾಯಿ ಹೋದಳು."

ಮಾಳಿಂಗ ಕೂಸನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಕೊನೆಗೆ ದೊರೆಯ ಕಡೆ ತಿರುಗಿದ.

"ಪ್ರಾಣ, ಮಹಾಪ್ರಭು. ಈಗ ನಿಮ್ಮ ಬಾಗಿಲಲ್ಲೇ ಒಂದು ಬಂತು, ಒಂದು ಹೋಯಿತು. ನಿಮ್ಮ ಕಾವಲಿನವರು ಯಾವುದನ್ನು ತಡೆದರು? ತಡೆದದ್ದು ನನ್ನ ಗಾಡಿಯನ್ನು ಮಾತ್ರ."

ದೊರೆ ಕಟ್ಟೆಯಿಂದ ಇಳಿದು ಬಂದ. "ಗೆದ್ದೆಯಪ್ಪಾ. ನನ್ನ ಮಗಳು..."

"ನನಗೆ ಹೆಂಡತಿ ಇದ್ದಾಳೆ," ಅಂದ ಮಾಳಿಂಗ. ಅಂದವನೇ ತುಟಿ ಕಚ್ಚಿಕೊಂಡ. "ಬಾಗಿಲು ತೆರೆಸಿ ಸಾಕು. ಹೆರಿಗೆಗೆ ಬರೋ ಹೆಣ್ಣುಮಗಳನ್ನು ಇನ್ನು ಯಾರೂ ಇಲ್ಲಿ ನಿಲ್ಲಿಸಬಾರದು. ಅಧಿಕಾರ ಕೊಡ್ತೀನಿ ಅಂದಿರಲ್ಲ, ನನ್ನ ಅಪ್ಪಣೆ ಇಷ್ಟೇ."

ದೊರೆ ತಾನೇ ಹೋಗಿ ಬಾಗಿಲ ಅಗುಳಿ ಎಳೆದ.

ಕೋಟೆಯ ಆ ತುದಿಯಲ್ಲಿ ಹೊಳೆವ್ವನ ತಾಯಿ ಬಾಣಂತಿ ಕೋಣೆ ಸಾರಿಸಿ, ದಿನವೂ ಹಂಡೆ ತುಂಬ ನೀರು ಕಾಯಿಸಿ ದಾರಿ ನೋಡುತ್ತಿದ್ದಳು. ಗಾಡಿಯ ಸದ್ದು ಕೇಳಿದ್ದೇ ಆರತಿ ತಟ್ಟೆ ಹಿಡಿದು ಓಡಿ ಬಂದಳು.

"ಯಾಕವ್ವಾ ಇಷ್ಟು ತಡ ಮಾಡಿದೆ? ಇಳಿ ಇಳಿ, ನೀರು ಕಾದಿದೆ."

ಮಾಳಿಂಗ ಕೂಸನ್ನು ಅವಳ ಮಡಿಲಿಗೆ ಹಾಕಿದ. ಹಂಡೆಯ ನೀರು ಮೊದಲು ಕೂಸಿಗಾಯಿತು. ಉಳಿದದ್ದು ಮಗಳ ಕೊನೆಯ ಸ್ನಾನಕ್ಕಾಯಿತು.