ಹಿಂದಿನ ಕಾಲು

ಮುಂದಿನ ಕಾಲು ನೆಲಕ್ಕೆ ಊರುವ ತನಕ ಹಿಂದಿನ ಕಾಲು ಏಳಬಾರದು. ಆಶ್ರಮದ ನಿಯಮ ಅದೊಂದೇ. ಆ ಸಂಜೆ ಶಿಷ್ಯರೆಲ್ಲರೂ ಅದನ್ನು ಮುರಿದರು.

ಈರಭದ್ರನೂ ಮುರಿದ.

ಈಗ ಅವನ ತಲೆ ಬೆಳ್ಳಗಾಗಿದೆ. ಆ ಸಂಜೆ ಹರಿಗೋಲಿನಲ್ಲಿ ದಾಟಬೇಕಿದ್ದ ಹೊಳೆಗೆ ಅಲ್ಲಿಯೇ ಸೇತುವೆ ಬಂದಿದೆ. ಹರಿಗೋಲು ಕಂಡವರು ಊರಿನಲ್ಲಿ ಕಡಿಮೆ. ಆದರೂ ಒದ್ದೆ ಮರಳಿನ ವಾಸನೆ ಬಂದರೆ ಸಾಕು, ಮೊದಲು ಅವನ ಅಂಗಾಲಿಗೆ ನೆನಪಾಗುತ್ತದೆ, ಆಮೇಲೆ ಅವನಿಗೆ.

ಗುರುಗಳನ್ನು ಸುತ್ತಲಿನ ಹಳ್ಳಿಯವರು ನಡಿಗೆಯ ಅಜ್ಜ ಎನ್ನುತ್ತಿದ್ದರು. ಅವರ ಆಶ್ರಮದಲ್ಲಿ ಪಾಠವೆಂದರೂ ನಡಿಗೆ, ಜಪವೆಂದರೂ ನಡಿಗೆ. ನಸುಕಿನಲ್ಲಿ ಶಿಷ್ಯರು ಹೊಳೆದಂಡೆಯ ಮರಳಿನಲ್ಲಿ ಸೊಂಟ ತಿರುವುತ್ತ, ಕೈ ಬೀಸುತ್ತ ಬಿರಬಿರನೆ ನಡೆಯುವರು. ಬಟ್ಟೆ ಒಗೆಯಲು ಬಂದ ಹೆಂಗಸರು ನಗುವರು.

"ಏನ್ರೋ ತಮ್ಮಾ, ಎಮ್ಮಿ ಕಳಕೊಂಡೀರೇನು?"

ಅಜ್ಜ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ಹೆಜ್ಜೆಯ ಸದ್ದನ್ನಷ್ಟೇ ಕೇಳುತ್ತಿದ್ದರು.

"ಈರಭದ್ರ, ಓಡಿದಿ."

"ಇಲ್ರಿ ಅಜ್ಜಾರ, ಜೋರಾಗಿ ನಡದೆ."

"ನಡಿಯಾವನ ಸಪ್ಪಳ ದಾರ ಇದ್ದಂಗ, ಹರಿಯೂದಿಲ್ಲ. ನಿಂದು ನಡುವ ಹರೀತು. ಎರಡೂ ಕಾಲು ಮ್ಯಾಲ ಇದ್ದಾಗ ನೀ ಎಲ್ಲಿದ್ದಿ?"

ಉತ್ತರ ಗೊತ್ತಾಗುವ ತನಕ ನಡಿ ಎಂದರು ಅಜ್ಜ.

ದೀಪಾವಳಿ ಕಳೆದ ಮೇಲೆ ವರ್ಷಕ್ಕೊಮ್ಮೆ ದೊಡ್ಡ ನಡಿಗೆ. ನಸುಕಿನಲ್ಲಿ ಹೊರಟು, ರಾತ್ರಿಯಿಡೀ ನಡೆದು, ಮರುದಿನ ದೀಪ ಹಚ್ಚುವ ಹೊತ್ತಿಗೆ ಹರಿಗೋಲಿನಲ್ಲಿ ಹೊಳೆ ದಾಟಿ, ಆಚೆಗಿದ್ದ ಅಜ್ಜನ ಗುರುಗಳ ಗದ್ದುಗೆ ಮುಟ್ಟಬೇಕು. ದಾರಿಯಲ್ಲಿ ಕೂರುವಂತಿಲ್ಲ. ರೊಟ್ಟಿ, ಬೆಲ್ಲ ನಡೆಯುತ್ತಲೇ ತಿನ್ನಬೇಕು. ಬೊಬ್ಬೆ ಎದ್ದ ಅಂಗಾಲಿಗೆ ಹರಳೆಣ್ಣೆ ಸವರಿಕೊಳ್ಳಲು ಮಾತ್ರ ನಿಲ್ಲಬಹುದು. ಎಷ್ಟೋ ಜನ ಅರ್ಧದಲ್ಲೇ ಬಸ್ಸು ಹತ್ತಿ ಊರಿಗೆ ಹೋದವರು ಮತ್ತೆ ಆಶ್ರಮದ ಕಡೆ ಮುಖ ಹಾಕಲಿಲ್ಲ.

ಆ ವರ್ಷದ್ದು ಅಜ್ಜನ ಕಡೆಯ ನಡಿಗೆ. ತಮ್ಮ ಕೋಲನ್ನು ಅವರು ಮುಂಚೆಯೇ ಗದ್ದುಗೆಗೆ ಕಳಿಸಿಬಿಟ್ಟಿದ್ದರು.

"ನಡದು ಹೋಗಿ ಮೊದಲ ಮುಟ್ಟಿದಾಂವಗ ಆ ಕೋಲು. ಬರೋ ವರ್ಷದಿಂದ ಎಲ್ಲಾರನ್ನೂ ಅಂವ ನಡಸ್ತಾನ."

ಈರಭದ್ರನಿಗೆ ಆ ಕೋಲು ಬೇಕಿತ್ತು. ಅಜ್ಜನ ಅಂಗೈ ಸವೆಸಿ ಸವೆಸಿ ಅದರ ತಲೆ ನುಣ್ಣಗಾಗಿತ್ತು. ಆಶ್ರಮಕ್ಕೆ ಬಂದ ಮೊದಲ ದಿನ ಯಾರೂ ಇಲ್ಲದಾಗ ಅದನ್ನು ಮುಟ್ಟಿ ನೋಡಿದ್ದ. ಅಂದಿನಿಂದ ಬೇರೇನನ್ನೂ ಬಯಸಿದವನಲ್ಲ.

ನಡಿಗೆ ಹೊರಟ ಮರುದಿನ ಸಂಜೆ ಒಂಟಿ ಜಾಲಿಮರದ ಹತ್ತಿರ ಬಂದದ್ದೇ ದಾಟಬೇಕಾದ ಹೊಳೆ ಕಂಡಿತು. ದಂಡೆಯಲ್ಲಿ ಹರಿಗೋಲು ನಿಂತಿತ್ತು. ಅಂಬಿಗ ಹುಸೇನಸಾಬ ಕೂಗಿದ:

"ಇದ ಕಡೀದು ನೋಡ್ರಿ. ಕತ್ತಲಾದ್ರ ಹಾಕೂದಿಲ್ಲ."

ಮೊದಲು ಓಡಿದವರು ಯಾರೋ ತಿಳಿಯದು. ಒಬ್ಬ ಓಡಿದ, ಎಲ್ಲರೂ ಓಡಿದರು. ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು ಕಾಪಾಡಿಕೊಂಡು ಬಂದ ಹೆಜ್ಜೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಣ್ಣುಪಾಲಾಯಿತು. ಈರಭದ್ರ ಎಲ್ಲರಿಗಿಂತ ಮೊದಲು ಹರಿಗೋಲು ಹತ್ತಿದ.

ಹಿಂದೆ, ದೂರದಲ್ಲಿ, ಅಜ್ಜ ನಡೆದು ಬರುತ್ತಿದ್ದರು. ಕೋಲಿಲ್ಲದ ಬಲಗೈ ರೂಢಿಯಂತೆ ಗಾಳಿಯನ್ನೇ ಊರುತ್ತಿತ್ತು.

"ಅಜ್ಜಾರ, ಲಗೂನ ಬರ್ರಿ. ಸ್ವಲ್ಪ ಓಡ್ರಿ, ಸಾಕು," ಎಂದು ಶಿಷ್ಯರು ಹರಿಗೋಲಿನಿಂದ ಕೂಗಿದರು.

ಅಜ್ಜನ ಹೆಜ್ಜೆ ಬಿರುಸಾಗಲಿಲ್ಲ, ನಿಧಾನವೂ ಆಗಲಿಲ್ಲ. ಹೋಗಿ ಎಂದು ಕೈ ಬೀಸಿದರು, ಅಷ್ಟೆ.

"ಸಾಬಣ್ಣ, ಒಂದೀಟು ನಿಲ್ಲಸೋ," ಎಂದ ಈರಭದ್ರ.

"ನಾ ನಿಲ್ಲಸ್ತೀನಿ. ಹೊತ್ತು ನಿಲ್ತದೇನಪಾ? ಸುಳಿ ಕಾಣಬೇಕಲ್ಲ ನನಗ."

ಅಂಬಿಗ ಕೋಲೂರಿ ಹರಿಗೋಲು ನೂಕಿದ. ದಂಡೆ ಹಿಂದೆ ಸರಿಯಿತು. ನೀರಿನ ಮೇಲೆ ಹಾದು, ಮರಳಿನ ಮೇಲಿನ ಹೆಜ್ಜೆಯ ಸಪ್ಪಳ ಈರಭದ್ರನಿಗೆ ಕೇಳಿಸಿತು. ಅದು ಎಲ್ಲಿಯೂ ಹರಿಯಲಿಲ್ಲ.

ಅವನು ಎದ್ದು ನಿಂತ.

"ಕುಂದ್ರೋ, ಮುಗಚೀತು," ಎಂದ ಪಕ್ಕದಲ್ಲಿದ್ದ ಗೆಳೆಯ ಮುದುಕಪ್ಪ. "ಅಜ್ಜಾರು ನಾಳಿ ಬರ್ತಾರ. ಕೋಲು ಬ್ಯಾಡಾತೇನು ನಿನಗ?"

ಆಚೆ ದಂಡೆಯಲ್ಲಿ ಗದ್ದುಗೆಯ ದೀಪ ಆಗಷ್ಟೇ ಹೊತ್ತಿಕೊಂಡಿತ್ತು. ಈರಭದ್ರ ಅದನ್ನೊಮ್ಮೆ ಚೆನ್ನಾಗಿ ನೋಡಿದ. ಆಮೇಲೆ ಎದೆಮಟ್ಟದ ನೀರಿಗೆ ಇಳಿದು ಹಿಂದಕ್ಕೆ ನಡೆದ.

ಅಜ್ಜ ದಂಡೆಗೆ ಬಂದು ನಿಂತಿದ್ದರು.

"ಹರಗೋಲ ಹೋತಲ್ಲೋ."

"ಹೋಗಲಿ ಬಿಡ್ರಿ."

"ಎಲ್ಲಿಂದ ಓಡಿದಿ?"

"ಜಾಲಿಮರದಿಂದ್ರಿ."

ಈರಭದ್ರ ತಾನೇ ಜಾಲಿಮರದ ತನಕ ಹಿಂದಕ್ಕೆ ಹೋದ. ಓಡಿದಷ್ಟು ದಾರಿಯನ್ನು ಅಲ್ಲಿಂದ ತಿರುಗಿ ನಡೆದ. ತೊಡೆಗಳು ಕೊರಡಾಗಿದ್ದವು, ಒದ್ದೆ ಧೋತರ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಅಜ್ಜ ಕಣ್ಣು ಮುಚ್ಚಿ ನಿಂತಿದ್ದರು, ಕಟ್ಟೆಯ ಮೇಲೆ ಕೂತಿರುತ್ತಿದ್ದ ಹಾಗೆಯೇ. ಅವನು ಬಂದು ಮುಟ್ಟಿದ ಮೇಲೆ ಕಣ್ಣು ತೆರೆದರು.

"ಅಜ್ಜಾರ, ಹಿಂದಕ ಕೇಳಿದ್ರಲ್ಲ, ಎರಡೂ ಕಾಲು ಮ್ಯಾಲ ಇದ್ದಾಗ ಎಲ್ಲಿದ್ದಿ ಅಂತ."

"ಹೂಂ."

"ಇವತ್ತು ಕೋಲಿನ ಹತ್ರ ಇದ್ದೆರಿ."

ಅಜ್ಜ ನಕ್ಕರು. "ನೀರು ತಣ್ಣಗದಾವೇನು?"

"ಭಾಳ ತಣ್ಣಗದಾವ್ರಿ."

ಆಚೆ ದಂಡೆಯ ಹತ್ತಿರ ಹರಿಗೋಲು ಚುಕ್ಕೆಯಾಗಿತ್ತು. ಅಜ್ಜ ಆ ಕಡೆ ನೋಡಲಿಲ್ಲ. ಕೋಲಿನ ತಲೆಯ ಮೇಲೆ ಇಡುತ್ತಿದ್ದ ಕೈಯನ್ನು ಈರಭದ್ರನ ಹೆಗಲ ಮೇಲಿಟ್ಟು, ಹೊಳೆಯ ಮೇಲ್ದಿಕ್ಕಿಗೆ ತಿರುಗಿದರು. ಆಗ ಇದ್ದದ್ದು ಒಂದೇ ಸೇತುವೆ, ಮೇಲಿನ ಊರಿನಲ್ಲಿ. ಆ ದಾರಿಯನ್ನು ಶಿಷ್ಯರಾರೂ ತುಳಿದಿರಲಿಲ್ಲ.

"ಬ್ರಿಜ್ಜು ಎಷ್ಟು ದೂರ ಐತ್ರಿ ಅಜ್ಜಾರ?"

"ಮುಂದಿನ ಕಾಲು ಎಲ್ಲೈತಿ?"

"ನೆಲದ ಮ್ಯಾಲ ಐತ್ರಿ."

"ಹಂಗಾರ ಹಿಂದಿನದು ಎತ್ತು."