ಕೋವಿಯ ಎಡಗಿವಿ

ಪಳಂಗಪ್ಪಜ್ಜ ಸೀನಿದರೆ ಮೂರು ಬೆಟ್ಟದಾಚೆಯ ಕೋವಿಗಳು ತಾವಾಗಿಯೇ ಢಂ ಅನ್ನುತ್ತವೆ ಎಂದು ಕೊಡಗಿನ ಆ ಮೂಲೆಯಲ್ಲಿ ಒಂದು ಮಾತಿತ್ತು. ಆ ಮಾತನ್ನು ಹಬ್ಬಿಸಿದವನು ಹೆಚ್ಚಾಗಿ ಪಳಂಗಪ್ಪಜ್ಜನೇ.

ಆದರೂ ಬಾಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಗಳ ರಿಪೇರಿಯಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ಉತ್ತಯ್ಯ ಏಳು ವರ್ಷದಿಂದ ಅವನ ಶಿಷ್ಯ.

ಕೋವಿಗೆ ಕಿವಿ ಉಂಟು, ಅದರ ಮೇಲೆ ಕೇಪು ಎಂಬ ಸಿಡಿಯುವ ಪುಟ್ಟ ಟೊಪ್ಪಿ ಕೂರುತ್ತದೆ. ಕುದುರೆ ಉಂಟು, ಅದು ಕೇಪಿಗೆ ಬಡಿಯುತ್ತದೆ. ಕಿಡಿ ಕಿವಿಯ ತೂತಿನಿಂದ ಒಳಗಿನ ಮದ್ದಿಗೆ ಇಳಿಯುತ್ತದೆ. ಬಾಯಿಯೂ ಉಂಟು, ಅದೊಂದು ಮಾತ್ರ ತನ್ನದಕ್ಕಿಂತ ಚಿಕ್ಕದು ಎಂದು ಅಜ್ಜ ಒಪ್ಪಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಚೋಂದವ್ವ ತನ್ನ ಮನೆಯ ಜೋಡುನಳಿಗೆಯ ಕೋವಿ ಹೊತ್ತು ಬಂದಳು. ತಿಂಗಳ ಹಿಂದೆ ಅದನ್ನು ಸರಿಮಾಡಿ ಕೊಟ್ಟವನು ಉತ್ತಯ್ಯ.

ಅಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಸಾವಾದರೆ ಬೆನ್ನುಬೆನ್ನಿಗೆ ಎರಡು.

ಹೋದ ವಾರ ಚೋಂದವ್ವನ ಗಂಡ ತೀರಿಕೊಂಡ. ಬಲದ ನಳಿಗೆಯ ಗುಂಡು ಹಾರಿತು, ಎಡದ್ದು ಹಾರಲಿಲ್ಲ. ಸೊಸೆ ತುಂಬು ಬಸುರಿ. ಎದುರು ಬೆಟ್ಟದ ನೆಂಟರು ಒಂದೇ ಸದ್ದು ಕೇಳಿ, ಮೊಮ್ಮಗ ಹುಟ್ಟಿದನೆಂದು ಜೇನಿನ ಭರಣಿ ಹಿಡಿದು ನಗುನಗುತ್ತಾ ಬಂದರು. ಒಳಗೆ ಹೆಣವಿತ್ತು.

ಈಗ ಚೋಂದವ್ವನ ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಇವತ್ತೋ ನಾಳೆಯೋ ಎಂಬಂತಿದ್ದಾಳೆ. ಇಷ್ಟನ್ನೂ ಚೋಂದವ್ವ ದನಿ ಏರಿಸದೆ ಹೇಳಿದಳು.

"ಇನ್ನೊಂದು ಸಲ ನಮ್ಮನೆ ಸಾವಿಗೆ ಯಾರೂ ನಕ್ಕೊಂಡು ಬರಬಾರದು" ಎಂದು ಹೊರಜಗಲಿಗೆ ಹೋಗಿ ಕೂತಳು.

"ಕೇಪು ತೇವ ಆಗಿರಬೇಕು ಅಜ್ಜಾ" ಎಂದ ಉತ್ತಯ್ಯ.

"ಅವತ್ತು ರಿಪೇರಿ ಆದಮೇಲೆ ನೀನು ಹೇಗೆ ಪರೀಕ್ಷೆ ಮಾಡಿದೆ?"

"ಖಾಲಿ ಕೋವಿಗೆ ಕೇಪು ಹಾಕಿ ಹೊಡೆದೆ. ಎರಡು ಕಡೆಯೂ ಸದ್ದು ಬಂತು."

ಅಜ್ಜ ಎಡನಳಿಗೆಯಲ್ಲಿ ಉಳಿದಿದ್ದ ಮದ್ದನ್ನು ತೆಗೆದ. ಮದ್ದು ಜಡಿಯುವ ಗಜದ ಕಡ್ಡಿ ಇಳಿಸಿ ಎರಡೂ ಖಾಲಿಯೆಂದು ನೋಡಿದ. ಹಿತ್ತಲಿಗೆ ಹೋಗಿ, ಎರಡೂ ಕಿವಿಗೆ ಕೇಪು ಹಾಕಿ, ಕೋವಿಯ ಬಾಯನ್ನು ಒಂದು ಹುಲ್ಲಿನೆಸಳಿನ ಹತ್ತಿರ ಹಿಡಿದ.

ಬಲದ ಕುದುರೆ ಬಿತ್ತು. ಕೇಪು ಚಟ್ಟೆಂದಿತು. ನಳಿಗೆ ದಾಟಿ ಬಂದ ಗಾಳಿಗೆ ಹುಲ್ಲು ಬಾಗಿ ಎದ್ದಿತು.

ಎಡದ ಕುದುರೆ ಬಿತ್ತು. ಕೇಪು ಚಟ್ಟೆಂದಿತು. ಹುಲ್ಲು ನಿಂತ ಹಾಗೇ ನಿಂತಿತ್ತು. ಎಡಗಿವಿಯ ಪಕ್ಕದಿಂದ ಕೂದಲೆಳೆಯಷ್ಟು ಹೊಗೆ ಹೊರಬಂತು.

"ಸದ್ದು ಬಂತು" ಎಂದ ಅಜ್ಜ. "ಹುಲ್ಲು ಅಲುಗಿತಾ?"

ಉತ್ತಯ್ಯ ಬಗ್ಗಿ ಎಡಗಿವಿಯನ್ನು ನೋಡಿದ.

ಅಜ್ಜ ಆ ಕಿವಿಯನ್ನು ತಿರುಗಿಸಿ ಬಿಚ್ಚಿ, ಅವನ ಕಣ್ಣೆದುರು ಹಿಡಿದ. ಉದ್ದಕ್ಕೂ ಸಣ್ಣ ಬಿರುಕು.

"ಈ ಗೆರೆ ಅವತ್ತು ಕಂಡಿತ್ತಾ?"

"ಕಂಡಿತ್ತು. ಗೀಚು ಅಂದುಕೊಂಡೆ. ಉಜ್ಜಿದೆ, ಮಾಯವಾಯ್ತು."

"ನಿನ್ನ ಕಣ್ಣಿಗೆ ಮಾಯವಾಯ್ತು. ಕಿಡಿಗೆ ಆಗಲಿಲ್ಲ." ಮತ್ತೆ ಕೇಳಿದ, "ಕೇಪು ತೇವ ಆಗಿತ್ತಾ?"

"ಇಲ್ಲ ಅಜ್ಜಾ."

ಹೊಸ ಕಿವಿ ಕಡೆದು ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಉತ್ತಯ್ಯನೇ ಕೂರಿಸಿದ. ಎರಡು ಕುದುರೆ ಬಿದ್ದವು, ಎರಡು ಸಲವೂ ಹುಲ್ಲು ಬಾಗಿತು. ಕೋವಿಯನ್ನು ನೀನೇ ಕೊಟ್ಟು ಬಾ, ಹೇಳಬೇಕಾದದ್ದನ್ನೂ ಹೇಳಿ ಬಾ ಎಂದ ಅಜ್ಜ.

ಜಗಲಿಯಲ್ಲಿ ಚೋಂದವ್ವ ಎದುರು ಬೆಟ್ಟದ ಕಡೆ ನೋಡುತ್ತಾ ಕೂತಿದ್ದಳು. ಉತ್ತಯ್ಯ ಕೋವಿಯ ಮೇಲೆಯೇ ಕಣ್ಣಿಟ್ಟು, "ತಪ್ಪಾಯ್ತು ಚೋಂದವ್ವ, ಈಗ ಸರಿಯಾಗಿದೆ" ಎಂದ. ಅವಳು ಕೋವಿ ತೆಗೆದುಕೊಂಡಳು. ಬೆಟ್ಟದಿಂದ ಕಣ್ಣು ತೆಗೆಯಲಿಲ್ಲ, ಏಳಲೂ ಇಲ್ಲ.

ಅವನು ಬೇಗ ಒಳಗೆ ಬಂದ.

"ಹೇಳಿದೆ ಅಜ್ಜಾ. ತಪ್ಪಾಯ್ತು ಅಂದೆ."

ಅಜ್ಜ ಬಿರುಕುಬಿಟ್ಟ ಕಿವಿಯನ್ನು ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿದ.

"ಸದ್ದು ನನಗೂ ಕೇಳಿಸಿತು. ಹುಲ್ಲು ಅಲುಗಿತಾ?"